ಕೊಕ್ಕರೆ ಕಾರಿನ ಪುರಾಣ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಜಾಗ ಸಿಕ್ಕಿದ್ದು ಒಂದು ಕಾರಿಗೆ. ಅದು ಬರುವುದಕ್ಕೆ ಮುಂಚೆ, ಚಿತ್ರದುರ್ಗದ ಕೋಟೆಯ ಬುಡದಲ್ಲಿದ್ದ ಆ ಮನೆಗೆ ಬೀದಿಯ ಕಡೆ ಉದ್ದಕ್ಕೂ ಕಲ್ಲುಚಪ್ಪಡಿಯ ಜಗಲಿ ಇತ್ತು. ಮಧ್ಯಾಹ್ನದ ಕೆಲಸ ಮುಗಿಸಿದ ಅವ್ವ ಅಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಎದುರು ಮನೆಯವರು ಬಂದು ಕೂರುತ್ತಿದ್ದರು. ಸೊಪ್ಪು ಮಾರುವವಳು ಬುಟ್ಟಿ ಇಳಿಸಿ, ಎಲೆ ಅಡಿಕೆ ಹಾಕಿಕೊಂಡು, ಊರಿನ ಸುದ್ದಿಯನ್ನೆಲ್ಲ ಸೊಪ್ಪಿನ ಜೊತೆಗೇ ಕೊಟ್ಟು ಹೋಗುತ್ತಿದ್ದಳು. ಕಾರು ಬರುತ್ತದೆ ಎಂದು ನಿಶ್ಚಯವಾದ ವಾರವೇ ಅಪ್ಪ ಆ ಜಗಲಿ ಒಡೆಸಿದರು. ಜಗಲಿಗೆ ಹೊಂದಿಕೊಂಡಿದ್ದ ಕೋಣೆಯನ್ನೂ ಕೆಡವಿ, ಆ ಜಾಗದಲ್ಲಿ ಕಾರಿಗೆ ಹೆಂಚಿನ ಮನೆ ಕಟ್ಟಿಸಿದರು. ಕೆಡವಿದ ಕೋಣೆ ಅವ್ವನೂ ನಾನೂ ಮಲಗುತ್ತಿದ್ದದ್ದು. ಇಡೀ ಮನೆಯಲ್ಲಿ ಬೀದಿ ಕಾಣುವ ಕಿಟಕಿ ಇದ್ದದ್ದು ಅದಕ್ಕೊಂದಕ್ಕೇ. ಹಿತ್ತಿಲ ಬಾಗಿಲು ತೆಗೆದರೆ ಗಾಳಿಗೆ ಧೂಳು ಹಾರಿ ಬಂದು ಕಾರಿನ ಮೇಲೆ ಕೂರುತ್ತದೆ ಎಂದು ಆಮೇಲೆ ಅದನ್ನೂ ಕಲ್ಲು ಕಟ್ಟಿ ಮುಚ್ಚಿಸಿದರು. ಅವ್ವ ಮತ್ತು ನಾನು ನಡುಮನೆಯಲ್ಲಿ ಹತ್ತಿ ತುಂಬಿದ ಅಂಡಿಗೆ ಚೀಲಗಳ ಪಕ್ಕ ಚಾಪೆ ಹಾಕಿಕೊಂಡೆವು.

ಅಪ್ಪ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಓದಿ ನೀವು ಅವರನ್ನು ಬೈಯುತ್ತೀರಿ, ನಾನು ನಡುವೆ ಬಂದು ಬಿಡಿಸಿಕೊಳ್ಳಬೇಕಾಗುತ್ತದೆ. ಅವರು ಹಿರಿಯೂರು, ಹೊಸದುರ್ಗದ ಕಡೆ ಹತ್ತಿ ಕೊಂಡು ದಾವಣಗೆರೆಗೆ ಸಾಗಿಸುವ ವ್ಯಾಪಾರಿ. ಚಿಕ್ಕಂದಿನಲ್ಲಿ ತಲೆಯ ಮೇಲೆ ಗಂಟು ಹೊತ್ತು ಬಂದವರನ್ನು ಊರು ಎಷ್ಟು ಸಿರಿ ಬಂದರೂ ಗಂಟಿನವರ ಮಗ ಎಂದೇ ಕರೆಯುತ್ತಿತ್ತು. ಅದು ಅವರ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು ಎಂದು ನನಗೆ ತಿಳಿದದ್ದು ನಾನು ದೊಡ್ಡವಳಾದ ಮೇಲೆ. ಬೆಂಗಳೂರಿನ ದಂಡು ಎಂಬ ಸೈನ್ಯದ ಬಿಡಾರದಲ್ಲಿ ಒಬ್ಬ ಬಿಳಿಯ ಅಧಿಕಾರಿ ತನ್ನ ದೇಶಕ್ಕೆ ಹೊರಟು ನಿಂತು ಕಾರು ಮಾರುತ್ತಾನೆ ಎಂಬ ಸುದ್ದಿ ಸಿಕ್ಕಿದಾಗ ಅವರು ಊಟ ಬಿಟ್ಟು ಎದ್ದು ಹೋದರು. ಆಲ್ಡರ್ಬಿ ಎಂಬ ಕಂಪನಿಯ ಕಾರು ಅದು. ನಮ್ಮೂರಿನ ಬಾಯಿಗೆ ಆ ಹೆಸರು ಒಗ್ಗಲಿಲ್ಲ. ಮೂತಿಯ ಮೇಲೆ ಒಂಟಿಕಾಲಲ್ಲಿ ನಿಂತ ಬೆಳ್ಳಿಯ ಕೊಕ್ಕರೆ ಇದ್ದದ್ದರಿಂದ ಎಲ್ಲರೂ ಕೊಕ್ಕರೆ ಕಾರು ಎಂದರು. ಅದು ಬಂದ ಮೂರನೆಯ ದಿನಕ್ಕೆ ನಾವು ಕೊಕ್ಕರೆ ಕಾರಿನ ಮನೆಯವರಾದೆವು. ಗಂಟಿನ ಹೆಸರು ಅಳಿಸಿಹೋಯಿತು. ಅಪ್ಪನಿಗೆ ಬೇಕಾದದ್ದು ಅಷ್ಟೇ ಇತ್ತು.

ಆ ಕಾರನ್ನು ಮೊದಲು ಮಾಡಿಸಿದ್ದು ಉತ್ತರದ ಕಡೆಯ ಯಾವುದೋ ಅರಮನೆಯವರು, ರಾಣಿವಾಸದವರ ಓಡಾಟಕ್ಕೆ ಎಂದು. ಹಾಗಾಗಿ ಹಿಂದಿನ ಸೀಟಿನ ಸುತ್ತ ದಪ್ಪ ನೀಲಿ ರೇಷ್ಮೆಯ ಪರದೆಗಳಿದ್ದವು, ಅಂಚಿಗೆ ಬೆಳ್ಳಿಯ ಎಳೆ. ನಮ್ಮ ಜನರಲ್ಲಿ ಹೆಂಗಸರನ್ನು ಮರೆಯಲ್ಲಿಡುವ ಗೋಷಾ ಎಂಬುದು ಇಲ್ಲವೇ ಇಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹೆಂಗಸರು ಮಠಕ್ಕೆ, ಸಂತೆಗೆ, ಹೊಲಕ್ಕೆ ತಲೆಯೆತ್ತಿ ನಡೆದು ಹೋಗುವವರು. ಆದರೆ ಕಾರಿನ ಜೊತೆ ಪರದೆ ಬಂತು, ಪರದೆಯ ಜೊತೆ ಗೋಷಾವೂ ಬಂತು. ಪರದೆ ಇರುವುದು ಎಳೆಯುವುದಕ್ಕೆ ಎಂದು ಅಪ್ಪ ಹೇಳಿದರು. ಅವುಗಳಲ್ಲಿ ನನ್ನ ಪಕ್ಕದ ಪರದೆ ಮಾತ್ರ ಉಳಿದವಕ್ಕಿಂತ ನಾಲ್ಕು ಬೆರಳು ಮೋಟಾಗಿತ್ತು, ಅದರ ಕೆಳಗೆ ಬೆಳ್ಳಿಯ ಎಳೆಯೂ ಇರಲಿಲ್ಲ. ಯಾಕೆ ಎಂದು ಯಾರೂ ಯೋಚಿಸಲಿಲ್ಲ. ಆ ಪರದೆಯ ಕೆಳಗೆ ಬಾಗಿಲಿನ ಗಾಜಿನಲ್ಲಿ ಉಳಿದ ಸಂದಿಯಲ್ಲಿ ಕತ್ತು ಓರೆ ಮಾಡಿದರೆ ನನಗೆ ಹೊರಗಿನವರ ಕಾಲುಗಳು ಕಾಣುತ್ತಿದ್ದವು. ಎರಡು ವರ್ಷ ನಾನು ಲೋಕವನ್ನು ಮೊಣಕಾಲಿನಿಂದ ಕೆಳಕ್ಕೆ ಮಾತ್ರ ನೋಡಿದೆ.

ಬೀಗ ಬಿದ್ದದ್ದು ಹೇಗೆ ಎಂದು ಕೇಳಿ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಮೂರನೆಯ ಕ್ಲಾಸಿನಲ್ಲಿದ್ದೆ, ಶಾಲೆ ಎರಡು ಬೀದಿ ಆಚೆ. ಒಂದು ದಿನ ಬೆಳಗ್ಗೆ ರೊಟ್ಟಿ ತಿನ್ನುತ್ತಾ ಅಪ್ಪ ಹೇಳಿದರು:

“ನಾಳೆಯಿಂದ ಚೆನ್ನಿ ಸಾಲಿಗೆ ಹೋಗೋದು ಬ್ಯಾಡ. ಕೊಕ್ಕರೆ ಕಾರಿನ ಮನೆ ಹುಡುಗಿ ಧೂಳಾಗೆ ನಡಕಂಡು ಹೋಗ್ತಾಳೆ ಅಂತಾರೆ.”

“ಹಂಗಾದ್ರೆ ಕಾರಾಗೇ ಕಳಿಸ್ರಿ” ಎಂದಳು ಅವ್ವ.

“ಗೇಣುದ್ದ ದಾರಿಗೆ ಆ ಕಾರು ಹೊರಗೆ ತೆಗೀತಾರೇನೆ? ನಗ್ತಾರೆ ಜನ.”

ಹತ್ತಿರದ ಜಾಗಕ್ಕೆ ಕಾರು ಹೋಗಬಾರದು, ಮರ್ಯಾದೆ ಕಡಿಮೆ. ದೂರಕ್ಕೆ ಹೋಗಲಾರದು, ಪೆಟ್ರೋಲು ಬೆಂಗಳೂರಿನಿಂದ ಡಬ್ಬದಲ್ಲಿ ಬರಬೇಕು. ನಡೆಯುವಂತಿಲ್ಲ, ಗಾಡಿ ಹತ್ತುವಂತಿಲ್ಲ. ಅವ್ವ ಸೋಮವಾರ ಸೋಮವಾರ ಮಠಕ್ಕೆ ಹೋಗುತ್ತಿದ್ದದ್ದು ನಿಂತಿತು. ಎದುರು ಮನೆಯವರು ಮೊದಮೊದಲು ಒಳಗೆ ಬಂದು ಮಾತಾಡಿಸಿದರು, ಆಮೇಲೆ ಅವರೂ ಹಿಂಜರಿದರು. ಸೊಪ್ಪಿನವಳು ಬಾಗಿಲಲ್ಲೇ ಸೊಪ್ಪು ಇಟ್ಟು ಹೋಗತೊಡಗಿದಳು, ಸುದ್ದಿ ಕೊಡುವುದನ್ನು ಬಿಟ್ಟಳು. ಊಟಕ್ಕೂ ಕಾರು ಕೈ ಹಾಕಿತು. ಯಾರಾದರೂ ಬಂದಾಗ ಒಲೆಯ ಮೇಲಿನ ಮುದ್ದೆಯ ಗಡಿಗೆಗೆ ಮುಚ್ಚಳ ಹಾಕಿ ಅವಸರದಲ್ಲಿ ಅನ್ನಕ್ಕೆ ಇಡಬೇಕಾಗಿತ್ತು. ಬಂದವರು ಅನ್ನ ಉಂಡು ಹೋದ ಮೇಲೆ ಅಪ್ಪ ಅಡಿಗೆಮನೆಗೆ ಬಂದು, ಮಣೆಯ ಮೇಲೆ ಕೂತು, ತಣ್ಣಗಾದ ಮುದ್ದೆಯನ್ನು ಉಪ್ಪೆಸರಿನಲ್ಲಿ ಅದ್ದಿ ಉಣ್ಣುತ್ತಿದ್ದರು. ಅದನ್ನು ನೋಡಿ ಅವ್ವನಿಗೆ ನಗು ಬರುತ್ತಿತ್ತು, ನನಗೂ. ಆಗ ಮಾತ್ರ ಮೂವರೂ ಒಟ್ಟಿಗೆ ನಗುತ್ತಿದ್ದೆವು.

ಶಾಲೆ ಬಿಡಿಸಿದ ಮೇಲೆ ನನ್ನ ಓದನ್ನು ಕಾರಿಗೇ ಕಟ್ಟಿದರು. ಕಾರಿನ ಜೊತೆ ಚರ್ಮದ ರಟ್ಟಿನ ಒಂದು ಇಂಗ್ಲಿಷ್ ಪುಸ್ತಕ ಬಂದಿತ್ತು, ಕಂಪನಿಯ ಕಥೆ ಹೇಳುವಂಥದ್ದು. ಅಪ್ಪ ಹೈಸ್ಕೂಲಿನ ಮೇಷ್ಟ್ರನ್ನು ಕರೆಸಿ, ಹಾಲು ಹಣ್ಣು ಕೊಟ್ಟು, ಅದನ್ನು ಕನ್ನಡಕ್ಕೆ ಹೇಳಿಸಿ, ಅಂಗಡಿಯ ಗುಮಾಸ್ತರಿಂದ ಕೆಂಪು ಬಟ್ಟೆಯ ಪುಸ್ತಕದಲ್ಲಿ ಬರೆಸಿದರು. ಪುರಾಣ ಓದುವವರ ಹಾಗೆ ನಾನು ಅದನ್ನು ಬಂದವರ ಮುಂದೆ ಓದಬೇಕು. ವ್ಯಾಪಾರಸ್ಥರು, ಅಮಲ್ದಾರರ ಕಚೇರಿಯವರು, ಬೀಗರು, ಎಲ್ಲರೂ ಬಂದರು. ಮಠದ ಅಯ್ಯನವರೂ ಒಮ್ಮೆ ಬಂದು, ಕಾರಿನ ಮೂತಿಗೆ ಮೂರು ಬೆರಳಿನ ವಿಭೂತಿ ಎಳೆದು, ಕಣ್ಣು ಮುಚ್ಚಿ ಪೂರ್ತಿ ಕೇಳಿದರು. “ಹೆಸರು ದೊಡ್ಡದೈತಪ್ಪ. ಉಳಿಸ್ಕಂಡು ಹೋಗು” ಎಂದರು. ಅವರು ಕಂಪನಿಯ ಹೆಸರಿನ ಬಗ್ಗೆ ಹೇಳಿದರೋ ನಮ್ಮ ಮನೆಯ ಹೆಸರಿನ ಬಗ್ಗೆಯೋ, ಅಪ್ಪನಿಗೆ ಆ ವೇಳೆಗೆ ಎರಡೂ ಒಂದೇ ಆಗಿತ್ತು.

ಆ ಪುರಾಣ ನನಗೆ ಇವತ್ತಿಗೂ ಬಾಯಿಪಾಠ. ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ಗಡಿಯಾರ ರಿಪೇರಿಯವನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನ ಹೆಂಡತಿಗೆ ಬೆನ್ನುಹುರಿಯ ಕಾಯಿಲೆ, ಹಾಸಿಗೆ ಬಿಟ್ಟು ಏಳಲಾರಳು. ಸಮುದ್ರ ನೋಡಬೇಕೆಂಬುದು ಅವಳ ಒಂದೇ ಆಸೆ. ಕುದುರೆಗಾಡಿಯ ಒಂದು ಕುಲುಕನ್ನೂ ಅವಳ ಬೆನ್ನು ತಡೆಯದು. ಆಗ ಅಣ್ಣತಮ್ಮಂದಿರು ಏಳು ವರ್ಷ ಕೂತು, ಒಂದೊಂದು ತಿರುಪನ್ನೂ ಕೈಯಿಂದಲೇ ಉಜ್ಜಿ, ಕುಲುಕದ ಒಂದು ಕಾರು ಮಾಡಿದರು. ಅದರ ಮೂತಿಯ ಮೇಲೆ ಬಾಯಿತುಂಬ ಹಾಲಿನ ಬಟ್ಟಲಿಟ್ಟು ಯಂತ್ರ ಓಡಿಸಿದರೆ ಹನಿ ಹಾಲು ಚೆಲ್ಲಲಿಲ್ಲ. ಅಲ್ಲಿಗೆ ಆ ಅಧ್ಯಾಯ ಮುಗಿದು ಮುಂದಿನದು ಶುರುವಾಗುತ್ತಿತ್ತು: ಯಾವ ದೊರೆ ಎಷ್ಟು ಕಾರು ಕೊಂಡ, ಯಾವ ಬೆಟ್ಟ ಹತ್ತಿ ಯಾವ ಪದಕ ಬಂತು. ನಾನು ಓದುವಾಗ ಅವ್ವ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದಳು. ಬಂದವರು ಹೋದ ಮೇಲೆ ಪ್ರತಿ ಸಲ ಒಂದೇ ಪ್ರಶ್ನೆ:

“ಆಮ್ಯಾಲೆ? ಆಯಮ್ಮ ಸಮುದ್ರ ನೋಡಿದ್ಲೇನೆ?”

“ಅದು ಬರ್ದಿಲ್ಲವ್ವ.”

“ಸರಿಯಾಗಿ ನೋಡು. ಎಲ್ಲಾದ್ರೂ ಇರ್ತೈತೆ.”

ನಾನು ಹಾಳೆ ತಿರುವಿ ಹುಡುಕುತ್ತಿದ್ದೆ. ಎಲ್ಲಿಯೂ ಇರಲಿಲ್ಲ. ಆ ಹೆಂಗಸಿಗೋಸ್ಕರ ಶುರುವಾದ ಕಂಪನಿ ಅವಳನ್ನೇ ಮರೆತು ಮುಂದೆ ಹೋಗಿಬಿಟ್ಟಿತ್ತು. ಪುಸ್ತಕದ ಕೊನೆಯಲ್ಲಿ ಎರಡು ಮಾತುಗಳಿದ್ದವು, ಅವನ್ನು ನಾನು ಧ್ವನಿ ಏರಿಸಿ ಓದಬೇಕೆಂದು ಅಪ್ಪನ ಕಟ್ಟಪ್ಪಣೆ. ಒಂದು: ನಮ್ಮ ಕಾರು ಕೆಡುವುದಿಲ್ಲ, ಯಜಮಾನರು ನಿಲ್ಲಿಸಿದಾಗ ಮಾತ್ರ ನಿಲ್ಲುತ್ತದೆ. ಎರಡು: ಯಂತ್ರದ ಮುಚ್ಚಳಕ್ಕೆ ಕಾರ್ಖಾನೆಯಲ್ಲೇ ಕೊಕ್ಕರೆ ಒತ್ತಿದ ಸೀಸದ ಮುದ್ರೆ ಹಾಕಿರುತ್ತೇವೆ, ನಮ್ಮ ಮನುಷ್ಯನ ಹೊರತು ಬೇರೆ ಕೈ ಅದನ್ನು ಒಡೆದರೆ ಯಜಮಾನರ ಹೆಸರನ್ನು ನಮ್ಮ ದೊಡ್ಡ ಪುಸ್ತಕದಿಂದ ಹೊಡೆದುಹಾಕುತ್ತೇವೆ. ಆ ದೊಡ್ಡ ಪುಸ್ತಕದಲ್ಲಿ ಎಷ್ಟೋ ಮಹಾರಾಜರ ಹೆಸರುಗಳ ಕೆಳಗೆ ಅಪ್ಪನ ಹೆಸರೂ ಸೇರಿತ್ತು. ಹಾಗೆಂದು ಬಂದ ಕಾಗದಕ್ಕೆ ಅವರು ಕಟ್ಟು ಹಾಕಿಸಿ ದೇವರ ಮನೆಯಲ್ಲಿ ತೂಗುಹಾಕಿದ್ದರು.

ಕಾರು ಬಂದ ಎರಡನೆಯ ವರ್ಷ ದೀಪಾವಳಿ ಕಳೆದ ಮೇಲೆ ಜವನಗೊಂಡನಹಳ್ಳಿಯಿಂದ ಸೋದರಮಾವನ ಆಳು ಬಂದ. ಅದು ಹಿರಿಯೂರಿನ ಆಚೆ, ಬೆಂಗಳೂರಿನ ದಾರಿಯಲ್ಲಿರುವ ಅವ್ವನ ತವರು. ಅಲ್ಲಿ ನಮ್ಮಜ್ಜಿ ಹಾಸಿಗೆ ಹಿಡಿದಿದ್ದಳು, ಮಗಳನ್ನು ನೋಡಬೇಕೆಂದಿದ್ದಳು. ಅವ್ವ ಅವತ್ತೇ ಸೀರೆ ಗಂಟು ಕಟ್ಟಿದಳು. ಕಾರು ಬಂದ ಮೇಲೆ ಅವಳು ತವರಿಗೆ ಹೋಗಿರಲಿಲ್ಲ.

“ಕಮಾನು ಗಾಡಿ ಹೂಡಿಸ್ರಿ. ಈಗ ಹೊಂಟ್ರೆ ನಾಳೆ ಸಂಜಿಗೆ ಮುಟ್ತೀನಿ.”

“ಗಾಡ್ಯಾಗ? ನಿಮ್ಮೂರಿಗೇ? ಕಾರು ಮಾರಿಬಿಟ್ರಂತೆ ಅಂತಾರೆ ನಿಮ್ಮೋರು. ಪೆಟ್ರೋಲ್ ಡಬ್ಬ ಬರಲಿ, ಅರ್ಧ ದಿನದಾಗ ಹೋಗಾಣ.”

“ನಮ್ಮವ್ವ ಪೆಟ್ರೋಲ್ ಡಬ್ಬಕ್ಕೆ ಕಾಯ್ತಾಳೇನ್ರಿ?”

ಅಪ್ಪ ಎದ್ದು ಅಂಗಡಿಗೆ ಹೋದರು. ಡಬ್ಬ ಬರುವುದಕ್ಕೆ ಎಂಟು ದಿನ ಹಿಡಿಯಿತು. ಆ ಎಂಟು ದಿನ ಅವ್ವ ಕಟ್ಟಿದ ಗಂಟನ್ನು ಬಿಚ್ಚಲೇ ಇಲ್ಲ. ಉಟ್ಟ ಸೀರೆಯನ್ನೇ ಒಗೆದು ಒಣಗಿಸಿ ಉಡುತ್ತಿದ್ದಳು. ಮುಚ್ಚಿದ ಹಿತ್ತಿಲ ಬಾಗಿಲಿನ ಕಲ್ಲುಗಳ ಎದುರು ನಿಂತು, ಅಲ್ಲಿ ಇನ್ನೂ ಬಾಗಿಲಿದೆಯೇನೋ ಎನ್ನುವಂತೆ ನೋಡುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬರುತ್ತಿತ್ತು. ಕಾರು ಇರುವಾಗ ಗಾಡಿಗೆ ಹಟ ಮಾಡುತ್ತಾಳಲ್ಲ ಎಂದು. ಅಷ್ಟರ ಮಟ್ಟಿಗೆ ನಾನು ಪುರಾಣ ಓದಿ ಪುರಾಣದವಳೇ ಆಗಿದ್ದೆ.

ಒಂಬತ್ತನೆಯ ದಿನ ಬೆಳಗ್ಗೆ ಹೊರಟೆವು. ಕಾರು ನಡೆಸುತ್ತಿದ್ದವರು ಹುಸೇನ್ ಸಾಬರು. ಮಾರಿಕಣಿವೆಯ ಕಟ್ಟೆ ಕಟ್ಟುವಾಗ ಉಗಿಯಂತ್ರ ನೋಡಿಕೊಂಡಿದ್ದ ಮನುಷ್ಯ. ಯಂತ್ರದ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುವಷ್ಟು ತಿಳಿದವರು, ಆದರೆ ಮುದ್ರೆಯ ದೆಸೆಯಿಂದ ನಮ್ಮ ಕಾರಿನ ಹೊಟ್ಟೆಯನ್ನು ಒಂದು ದಿನವೂ ನೋಡಿದವರಲ್ಲ. ಪಕ್ಕದ ಸಣ್ಣ ಕಿಂಡಿಯಿಂದ ಎಣ್ಣೆ ನೀರು ಹಾಕುವುದಷ್ಟೇ ಅವರ ಹಕ್ಕು. ಅಪ್ಪ ಅವರ ಪಕ್ಕ ಮುಂದೆ ಕೂತರು, ನಾವಿಬ್ಬರು ಹಿಂದೆ, ನೀಲಿ ಪರದೆಯೊಳಗೆ. ಹಿರಿಯೂರು ದಾಟುವ ತನಕ ಎಲ್ಲ ಸರಿಯಾಗಿತ್ತು. ಅವ್ವನ ಮುಖದಲ್ಲಿ ಗೆಲುವು ಕಂಡಿತು, ತವರಿನ ದಾರಿಯ ಹುಣಸೆಮರಗಳನ್ನು ಪರದೆಯ ಮೇಲೆ ಹಾಯುವ ನೆರಳಿನಿಂದಲೇ ಲೆಕ್ಕ ಹಾಕುತ್ತಿದ್ದಳು. ಊರು ಇನ್ನು ಮೂರು ನಾಲ್ಕು ಮೈಲಿ ಇದೆ ಎನ್ನುವಾಗ ಕಾರು ಎರಡು ಸಲ ಕೆಮ್ಮಿತು, ನಿಂತಿತು. ನೆತ್ತಿಯ ಮೇಲೆ ಸೂರ್ಯ.

ಹುಸೇನ್ ಸಾಬರು ಇಳಿದು ಸುತ್ತ ಬಂದು, ಕಿವಿಯಿಟ್ಟು, ಹ್ಯಾಂಡಲು ತಿರುವಿ ನೋಡಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು:

“ದೊಡ್ಡದೇನಲ್ಲ ಸಾವ್ಕಾರ್ರೆ. ಪೆಟ್ರೋಲ್ ಬರೋ ಪೈಪಲ್ಲಿ ಕಸ ಕುಂತೈತೆ. ಮುಚ್ಚಳ ತೆಗೆದು ಬಾಯಾಗ ಒಂದ್ಸಲ ಊದಿದ್ರೆ ಹೊಂಟುಹೋಗ್ತದೆ. ಎಲೆ ಅಡಿಕೆ ಹಾಕ್ಕಳೋವಷ್ಟು ಹೊತ್ತು ಬ್ಯಾಡ.”

“ಮುದ್ರೆ?”

“ಮುದ್ರೆ ಒಡೀಬೇಕಾಗ್ತದೆ.”

“ಆಗಲ್ಲ ಸಾಬ್ರೆ. ಮುಟ್ಟಬ್ಯಾಡ್ರಿ.”

ಆ ಹೊತ್ತಿಗೆ ಜನ ಸೇರಿದ್ದರು. ಹಿರಿಯೂರಿನ ಸಂತೆಯಿಂದ ಹಿಂದಿರುಗುವವರ ದಾರಿ ಅದು. ಕುರಿಗಳ ಕಾಲು, ಎತ್ತುಗಳ ಕಾಲು, ಬರಿಗಾಲು, ಎಲ್ಲ ನನ್ನ ಸಂದಿಯಲ್ಲಿ ತುಂಬಿಕೊಂಡವು. ಕಾರು ಕೆಟ್ಟಿತಾ ಎಂದು ಯಾರೋ ಕೇಳಿದರು. ಇಲ್ಲ, ಊಟಕ್ಕೆ ನಾವೇ ನಿಲ್ಲಿಸಿದ್ದೇವೆ ಎಂದರು ಅಪ್ಪ. ಹೇಳಿದ ಮೇಲೆ ಉಣ್ಣಬೇಕಲ್ಲ. ಬುತ್ತಿ ಬಿಚ್ಚಿಸಿದರು. ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಆ ಬಿಸಿಲಿನಲ್ಲಿ, ಕಾದ ಚರ್ಮದ ವಾಸನೆಯಲ್ಲಿ, ಹಸಿವಿಲ್ಲದೆ ನಾವು ಪರದೆಯೊಳಗೆ ರೊಟ್ಟಿ ಅಗಿದೆವು. ಊಟ ಮುಗಿದರೂ ಜನ ಕದಲಲಿಲ್ಲ. ಆಗ ಅಪ್ಪ ಪರದೆಯ ಹತ್ತಿರ ಬಂದು, “ಚೆನ್ನಿ, ಪುರಾಣ ಓದವ್ವ, ಕೇಳ್ಲಿ” ಎಂದರು. ಕೆಂಪು ಪುಸ್ತಕ ಜೊತೆಗೆ ಇರಲಿಲ್ಲ, ನನಗೆ ಅದು ಬೇಕಾಗಿಯೂ ಇರಲಿಲ್ಲ. ನಾನು ಗಡಿಯಾರದವನಿಂದ ಶುರು ಮಾಡಿದೆ. ಹಾಲಿನ ಬಟ್ಟಲು, ಬೆಟ್ಟ, ಪದಕ ಎಲ್ಲವನ್ನೂ ಹೇಳಿದೆ. ಕೊನೆಗೆ ಧ್ವನಿ ಏರಿಸಿ, ನಮ್ಮ ಕಾರು ಕೆಡುವುದಿಲ್ಲ, ಯಜಮಾನರು ನಿಲ್ಲಿಸಿದಾಗ ಮಾತ್ರ ನಿಲ್ಲುತ್ತದೆ ಎಂದೆ. ಕಂಬಳಿಯಂಚು ಕಾಲಿಗೆ ಇಳಿಬಿದ್ದಿದ್ದ ಒಬ್ಬ ಮುದುಕ ನಿಧಾನವಾಗಿ ಕೇಳಿದ:

“ಅದೆಲ್ಲ ಸರಿ ಯಜಮಾನ್ರೆ. ನಿಲ್ಸಿದ್ದು ನೀವು ಅಂದ್ಮ್ಯಾಲೆ ಹೊಂಡ್ಸೋರು ಯಾರು?”

ಎಲ್ಲರೂ ನಕ್ಕರು. ನಾನು ಪರದೆಯ ಕತ್ತಲಲ್ಲಿ ಕಿವಿ ಮುಚ್ಚಿಕೊಂಡೆ. ಅಪ್ಪ ನಗಲಿಲ್ಲ. ಹಿರಿಯೂರಿನ ಕಡೆ ಹೊರಟಿದ್ದ ಒಬ್ಬ ಗಾಡಿಯವನಿಗೆ ಚೀಟಿ ಬರೆದುಕೊಟ್ಟು, ಬೆಂಗಳೂರಿನಲ್ಲಿರುವ ಕಂಪನಿಯ ಮನುಷ್ಯನಿಗೆ ತಂತಿ ಹೊಡೆಸು ಎಂದು ಕಳಿಸಿದರು. ಅವ್ವ ಪರದೆಯ ಒಳಗಿಂದಲೇ ಕೇಳಿದಳು:

“ತಂತಿ ಹೋಗಿ ಆ ಮನುಷ್ಯ ಬರಾಕೆ ಎಷ್ಟು ದಿನ ಬೇಕ್ರಿ?”

“ನಾಳೆ. ಹೆಚ್ಚಂದ್ರೆ ನಾಡಿದ್ದು.”

“ಅಲ್ಲೀಗಂಟ?”

“ಸುಮ್ನಿರು. ದಾರಿ ಹುಡುಕಾಣ.”

ಎಷ್ಟು ಹೊತ್ತೋ ತಿಳಿಯದು, ಹುಣಸೆಮರದ ನೆರಳು ಕಾರಿನ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಹೋಗಿತ್ತು. ಆಗ ಒಂದು ಗಾಡಿ ನಿಂತಿತು. ಸಂತೆಯಲ್ಲಿ ಕಂಬಳಿ ಮಾರಿ ಹಿಂದಿರುಗುತ್ತಿದ್ದ ಗಂಗವ್ವ, ಜವನಗೊಂಡನಹಳ್ಳಿಯವಳೇ, ಕುರುಬರ ಮುದುಕಿ. ಅವ್ವನನ್ನು ಎತ್ತಿ ಆಡಿಸಿದವಳು. ಅಪ್ಪನನ್ನು ಗುರುತಿಸಿ, ಅವರ ಜೊತೆ ಮಾತಾಡದೆ ನೇರ ಪರದೆಗೇ ಬಾಯಿಟ್ಟಳು.

“ಒಳಗಿರೋದು ನೀಲವ್ವ ಅಲ್ವೇನೆ? ಇಲ್ಲೇನು ಮಾಡ್ತೀಯ ಮಗಳೆ? ನೆನ್ನೆ ನಾ ಸಂತಿಗೆ ಹೊಂಟಾಗ ನಿಮ್ಮವ್ವ ನೀರು ಸೈತ ಬಿಟ್ಟಿದ್ಲು. ಏನು ಸದ್ದಾದ್ರೂ ಮೋಟ್ರು ಬಂತಾ ಅಂತಾಳೆ.”

ಅವ್ವ ಪರದೆ ಸರಿಸಿದಳು. ಒಮ್ಮೆಗೇ ಬಂದ ಬೆಳಕಿಗೆ ನಾನು ಕಣ್ಣು ಮುಚ್ಚಿದೆ, ತೆಗೆಯುವ ಹೊತ್ತಿಗೆ ಅವಳು ಬಾಗಿಲು ತೆರೆದು ಇಳಿದಿದ್ದಳು. ಎರಡು ವರ್ಷ ಮನೆಯೊಳಗೆ ಮೆತ್ತಗಾದ ಪಾದ, ಸುಡುವ ಮಣ್ಣಿಗೆ ತಾಗಿ ಒಂದು ಸಲ ಮೇಲೆ ಬಂತು, ಮತ್ತೆ ಊರಿತು. ಅಪ್ಪ ಹತ್ತಿರ ಬಂದು ತಗ್ಗಿದ ಧ್ವನಿಯಲ್ಲಿ ಹೇಳಿದರು:

“ಹತ್ತು ನೀಲಾ. ಜನ ನೋಡ್ತಾ ಅವ್ರೆ.”

“ನೋಡ್ಲಿ ಬಿಡ್ರಿ. ನನ್ನ ಯಾರಾದ್ರೂ ನೋಡಿ ಭಾಳ ದಿನ ಆಗೈತೆ.”

ಆಮೇಲೆ ಅವಳು ನನ್ನ ಕಡೆ ತಿರುಗಿ ಕೈ ಚಾಚಿದಳು.

“ಬಾ ಚೆನ್ನಿ.”

ನಾನು ಆ ಕೈಯನ್ನು ನೋಡಿದೆ. ರೊಟ್ಟಿ ತಟ್ಟಿ ತಟ್ಟಿ ಬೆರಳ ತುದಿ ಬೆಳ್ಳಗಾದ ಕೈ. ಅವಳ ಹಿಂದೆ ಅಷ್ಟೂ ಜನ, ಪಕ್ಕದಲ್ಲಿ ಅಪ್ಪನ ಮುಖ. ಆಗಷ್ಟೇ ಈ ಕಾರು ಕೆಡುವುದಿಲ್ಲ ಎಂದು ಗಂಟಲು ಏರಿಸಿ ಹೇಳಿದ್ದವಳು ನಾನು. ನಾನು ಇಳಿದರೆ ಅದು ಸುಳ್ಳಾಗುತ್ತಿತ್ತು. ಯಾರೂ ನನ್ನನ್ನು ಹಿಡಿದಿರಲಿಲ್ಲ, ಬಾಗಿಲು ತೆರೆದೇ ಇತ್ತು.

“ಈಗ ಹೊಂಡ್ತೈತವ್ವ. ನೀನೇ ಬಾ” ಎಂದೆ.

ಅವ್ವ ಕೈಯನ್ನು ಕೂಡಲೇ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು. ಆಮೇಲೆ ಪರದೆಯನ್ನು ಎಳೆದು, ಬಾಗಿಲನ್ನು ನನ್ನ ಕಾಲಿಗೆ ತಾಗದ ಹಾಗೆ ಜೋಪಾನವಾಗಿ ಮುಚ್ಚಿ ಹೋದಳು. ಸಂದಿಯಲ್ಲಿ ನನಗೆ ಅವಳ ಪಾದಗಳು ಕಂಡವು. ಗಾಡಿಯ ಗಾಲಿಯವರೆಗೆ ನಡೆದವು, ಮೇಲಕ್ಕೆ ಎದ್ದವು, ಆಮೇಲೆ ಗಾಲಿ ತಿರುಗಿತು.

ಅದಾದ ಮೇಲೆ ಒಳಗೆ ಕೂತದ್ದನ್ನು ಹೇಗೆ ಹೇಳಲಿ? ಬೆವೆತ ಬೆನ್ನು ಸೀಟಿನ ಚರ್ಮಕ್ಕೆ ಅಂಟಿಕೊಂಡಿತ್ತು. ಜನ ಒಬ್ಬೊಬ್ಬರೇ ಹೋದರು. ಅಪ್ಪ ಕಾರಿನ ಮೆಟ್ಟಿಲ ಮೇಲೆ ಕೂತು ಗಾಡಿ ಹೋದ ದಿಕ್ಕನ್ನೇ ನೋಡುತ್ತಿದ್ದರು. ಇಳಿಯಲು ನನಗೆ ಅಳು ಬರುವಷ್ಟು ಆಸೆಯಿತ್ತು, ಇಳಿಯಬೇಡ ಎಂದವರೂ ಯಾರಿಲ್ಲ. ಆದರೂ ನನ್ನ ಕೈ ಬಾಗಿಲಿನ ಹಿಡಿಗೆ ಹೋಗಲಿಲ್ಲ. ಹೊತ್ತು ಇಳಿಯತೊಡಗಿದಾಗ ಅಪ್ಪ, ಯಾರ ಮುಖವನ್ನೂ ನೋಡದೆ, “ಒಡೀರಿ ಸಾಬ್ರೆ” ಎಂದರು.

ಹುಸೇನ್ ಸಾಬರು ಇಕ್ಕಳದಿಂದ ಸೀಸ ಕಿತ್ತರು. ಕಿತ್ತದ್ದನ್ನು ಅಂಗೈಯಲ್ಲಿಟ್ಟು, ಬಟ್ಟೆಯಿಂದ ಒರೆಸಿ, ತಿರುಗಿಸಿ ನೋಡಿದರು.

“ಇದ್ರ ಮ್ಯಾಲೆ ಕೊಕ್ಕರೆ ಇಲ್ಲ ಸಾವ್ಕಾರ್ರೆ. ಬರೇ ಸೀಸ. ಯಾರೋ ಭಾಳ ಸಲ ಬಿಚ್ಚಿ ಬಿಚ್ಚಿ ಹಾಕ್ಯವ್ರೆ.”

ಮುಚ್ಚಳ ಎತ್ತಿದರು. ನಾನು ಮುಂದಿನ ಪರದೆಯನ್ನು ಸ್ವಲ್ಪ ಸರಿಸಿ, ಗಾಜಿನಿಂದ ನೋಡುತ್ತಿದ್ದೆ. ಅವರು ಒಳಗೆ ಕೈ ಹಾಕಿ, ಪೈಪಿನ ಸುತ್ತ ಬಿಗಿದಿದ್ದ ಎಂಥದೋ ಬಟ್ಟೆಯ ಪಟ್ಟಿ ಬಿಚ್ಚಿ, ಎತ್ತಿ ಹಿಡಿದರು. ಎಣ್ಣೆ ಕುಡಿದು ಕಪ್ಪಾಗಿತ್ತು, ಆದರೆ ಒಂದು ತುದಿಯಲ್ಲಿ ನೀಲಿ ಉಳಿದಿತ್ತು, ಅಂಚಿಗೆ ಬೆಳ್ಳಿಯ ಎಳೆ. ನಾನು ನನ್ನ ಪಕ್ಕದ ಮೋಟು ಪರದೆಯನ್ನು ಮುಟ್ಟಿ ನೋಡಿದೆ. ನಾಲ್ಕು ಬೆರಳು. ಹಾಗಾದರೆ ಆ ಅರಮನೆಯ ರಾಣಿಯೂ ಯಾವುದೋ ದಾರಿಯಲ್ಲಿ, ಇದೇ ಸೀಟಿನಲ್ಲಿ, ಹೊರಗೆ ಗಂಡಸರು ಕಾರು ಕೆಟ್ಟಿಲ್ಲ ಎನ್ನುತ್ತಿರುವಾಗ ಬೆವರುತ್ತಾ ಕೂತಿದ್ದಳು. ಅಲ್ಲಿಯೂ ಯಾರೋ ಪರದೆ ಹರಿದು ಕಟ್ಟಿ, ಸೀಸ ಹಚ್ಚಿ, ಏನೂ ಆಗದವರ ಹಾಗೆ ಹೊರಟಿದ್ದರು. ಆ ಬಿಳಿಯ ಅಧಿಕಾರಿಯೂ ಬಿಚ್ಚಿ ಹಚ್ಚಿರಬೇಕು. ದೊಡ್ಡ ಪುಸ್ತಕದಲ್ಲಿ ಎಲ್ಲರ ಹೆಸರೂ ಹಾಗೇ ಇತ್ತು.

ಸಾಬರು ಪೈಪಿಗೆ ಬಾಯಿಟ್ಟು ಊದಿದರು. ಹ್ಯಾಂಡಲು ಒಂದೇ ಸುತ್ತು. ಕಾರು ಹೊರಟಿತು. ಅಪ್ಪ ಒಂದೇ ಮಾತು ಹೇಳಿದರು: “ಸೀಸ ಹಂಗೇ ಹಚ್ಚಿಬಿಡ್ರಿ.”

ಊರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಹುಡುಗರು ಓಡಿ ಬಂದು ಕೊಕ್ಕರೆಯನ್ನು ಮುಟ್ಟಿ ಮುಟ್ಟಿ ನೋಡಿದರು. ನಮ್ಮ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಅಜ್ಜಿಯನ್ನು ಪಡಸಾಲೆಯ ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಹಚ್ಚಿ, ಬಾಗಿಲಿಗೆ ಮುಖ ಮಾಡಿ ಕೂರಿಸಿದ್ದರು. ತೆರೆದ ಬಾಗಿಲಿನ ನೇರಕ್ಕೆ ನಮ್ಮ ಕಾರು ನಿಂತಿತ್ತು. ಕಾರು ಬಂತಾ ಎಂದು ಕೇಳುತ್ತಿದ್ದವಳು ಅದನ್ನೇ ನೋಡುತ್ತಾ ಕೂತ ಹಾಗಿತ್ತು. ಅವ್ವ ಪಕ್ಕದಲ್ಲಿ ಕೂತು ಅವಳ ತಲೆ ವಾಲದ ಹಾಗೆ ಹಿಡಿದುಕೊಂಡಿದ್ದಳು. ನನ್ನನ್ನು ನೋಡಿ ಸರಿದು ಜಾಗ ಕೊಟ್ಟಳು, ಬೈಯಲಿಲ್ಲ. ಮಾರನೆಯ ದಿನ ಅತ್ತೆ, ಸೋದರಮಾವನ ಹೆಂಡತಿ, ನನಗೆ ತಲೆ ಬಾಚುತ್ತಾ ಹೇಳಿದಳು. ಅವ್ವ ಬಂದಾಗ ಅಜ್ಜಿಗೆ ಎಚ್ಚರ ಇತ್ತಂತೆ.

“ನಿಮ್ಮವ್ವನ ಕೈ ಹಿಡ್ಕಂಡು, ಮೋಟ್ರಾಗ ಬಂದ್ಯಾ ಅಂದ್ಲು. ಹೂಂ ಅವ್ವ, ಮೋಟ್ರಾಗೇ ಬಂದೆ ಅಂದ್ಲು ನಿಮ್ಮವ್ವ. ಚೆನ್ನಿ ಎಲ್ಲೈತೆ ಅಂತ ಕೇಳಿದ್ಲು. ಮೋಟ್ರಾಗ ಅವ್ಳೆ ಅಂದ್ಲು.”

ಅಜ್ಜಿಗೆ ಹೇಳಿದ ಎರಡು ಮಾತಿನಲ್ಲಿ ಒಂದು ಸುಳ್ಳು, ಒಂದು ನಿಜ. ನಿಜವಾದದ್ದನ್ನು ನಾನು ಇಷ್ಟು ವರ್ಷ ಹೊತ್ತುಕೊಂಡು ಬಂದಿದ್ದೇನೆ. ಅತ್ತೆಯ ಬಾಚಣಿಗೆ ನನ್ನ ಕೂದಲಲ್ಲಿ ಸಿಕ್ಕಿಕೊಂಡಿತ್ತು, ನೋವಿಗೆ ಅಳುತ್ತಿದ್ದೇನೆ ಎಂದು ಅವಳು ತಿಳಿದಳು.

ಹಿಂದಿರುಗುವಾಗ ಅವ್ವ ಗಾಡಿಯಲ್ಲಿ ಬಂದಳು, ನಾನು ಕಾರಿನಲ್ಲಿ. ದುರ್ಗಕ್ಕೆ ಬಂದ ಮೊದಲ ಸೋಮವಾರ ಅವಳು ತಲೆ ಬಾಚಿ, ವಿಭೂತಿ ಹಚ್ಚಿಕೊಂಡು, ಬೀದಿಯ ಬಾಗಿಲು ತೆಗೆದು ಮಠಕ್ಕೆ ನಡೆದು ಹೋದಳು. ಅಪ್ಪ ನೋಡಿದರು, ತಡೆಯಲಿಲ್ಲ. ನನ್ನನ್ನು ಅವಳು ಬಾ ಎನ್ನಲಿಲ್ಲ. ಬೇಕೆಂದು ಬಿಟ್ಟದ್ದಲ್ಲ ಎಂದು ಈಗ ತಿಳಿಯುತ್ತದೆ. ಚಾಚಿದ ಕೈಯನ್ನು ಮತ್ತೆ ಚಾಚುವುದು ಎಷ್ಟು ಕಷ್ಟ ಎಂಬುದು ನಾನೂ ತಾಯಿಯಾದ ಮೇಲೆ ಗೊತ್ತಾಯಿತು. ನಾನು ಮದುವೆಯಾಗಿ ಹೊಳಲ್ಕೆರೆಗೆ ಹೋಗುವವರೆಗೆ ಬಂದವರ ಮುಂದೆ ಪುರಾಣ ಓದುತ್ತಲೇ ಇದ್ದೆ. ಕೆಡುವುದಿಲ್ಲ ಎನ್ನುವಲ್ಲಿ ಧ್ವನಿ ಏರಿಸುವುದನ್ನು ಮಾತ್ರ ಬಿಟ್ಟೆ, ಅಪ್ಪನೂ ಏರಿಸು ಎನ್ನಲಿಲ್ಲ. ಅವ್ವ ಹೊಸ್ತಿಲಲ್ಲಿ ಕೂತು ಕೇಳುವುದನ್ನು ನಿಲ್ಲಿಸಿದಳು. ಸಮುದ್ರದ ಮಾತನ್ನು ಮತ್ತೆ ಎತ್ತಲಿಲ್ಲ.

ಕೆಂಪು ಪುಸ್ತಕ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಮೊನ್ನೆ ಮೊಮ್ಮಗಳು ಅದನ್ನು ತೆಗೆದು ಓದಿ, ಹಾಸಿಗೆ ಹಿಡಿದ ಆ ಹೆಂಗಸಿನ ಹತ್ತಿರ ಬಂದು ನಿಂತಳು. “ಆಮೇಲೆ ಏನಾಯ್ತಜ್ಜಿ? ಆಯಮ್ಮ ಸಮುದ್ರ ನೋಡಿದ್ಲಾ?” ಎಂದು ಕೇಳಿದಳು. ಅದು ಬರೆದಿಲ್ಲ ಎಂದು ಹೇಳಲು ಬಾಯಿ ತೆರೆದವಳು ಬೇರೆಯೇ ಮಾತು ಆಡಿದೆ.

“ಕಾರಿನಿಂದ ಇಳಿದಿದ್ರೆ ನೋಡಿರ್ತಾಳೆ ಮಗಾ” ಎಂದೆ.